ಕರೆಂಟು ಹೋಗಲೆಂದು ಕಾದ ವಾರ

ಮೈಕಿನ ತಲೆಗೆ ತೊಡಿಸುವ ಸ್ಪಂಜಿನ ಟೋಪಿ ಈ ಬೆಳಿಗ್ಗೆ ಬೀರುವಿನ ಕೆಳಖಾನೆಯಲ್ಲಿ ಸಿಕ್ಕಿತು. ಮೂಗಿನ ಹತ್ತಿರ ತಂದೆ. ಲವಂಗ, ಎಲೆಯಡಿಕೆ, ಅದರ ಹಿಂದೆ ತೀರಾ ಸಣ್ಣಗೆ ಹೊಗೆಸೊಪ್ಪು... ಇಷ್ಟು ವರ್ಷವಾದರೂ ಹೋಗಿಲ್ಲ. ಅದನ್ನು ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟೆ.

ಪಕ್ಕದ ಮನೆಯ ದೊಡ್ಡವ್ವನಿಗೆ ಮೈಕಿಗೆ ತುಟಿ ತಾಗಿಸದೆ ಹಾಡಲು ಬರುತ್ತಿರಲಿಲ್ಲ. ಸ್ವಲ್ಪ ದೂರ ಕೂರು ಎಂದರೆ, "ಕಿವೀಲಿ ಏಳ್ದಂಗೆ ಏಳ್ಬೇಕು ಕಣವ್ವ, ಊರ್ಗೆಲ್ಲ ಯಾಕೆ ಕಿರುಚ್ಲಿ?" ಎಂದಿದ್ದಳು.

ಅವಳು ನಮಗೆ ರಕ್ತಸಂಬಂಧಿಯಲ್ಲ. ಹನಕೆರೆಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ, ಅಷ್ಟೆ. ನಮ್ಮ ಬೀದಿಯ ಯಾವ ಮದುವೆಯಲ್ಲೂ ಸೋಬಾನೆಗೆ ಮೊದಲ ದನಿ ಅವಳದೇ. ಅವಳು ಒಂದು ಸಾಲು ಹೇಳುವಳು, ಸುತ್ತ ಕುಳಿತ ಹೆಂಗಸರು ಅದನ್ನೇ ತಿರುಗಿ ಹೇಳುವರು. ಹೀಗೆ ಹಾಡು ಮುಂದೆ ಸಾಗುತ್ತಿತ್ತು.

ಅವಳ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮುಂದಿನ ಸೋಮವಾರವೇ ಆಪರೇಷನ್ ಆಗಬೇಕು, ಆಮೇಲೆ ದನಿ ಮೊದಲಿನಂತೆ ಬರುತ್ತದೆಂದು ಹೇಳಲಾಗದು ಎಂದರು ಮೈಸೂರಿನ ಡಾಕ್ಟರು. ಮೊಮ್ಮಗಳ ಮದುವೆಗೆ ಇನ್ನೂ ಸಮಯವಿತ್ತು. ಗಂಡು ಬೆಳಕವಾಡಿಯವನು, ಛತ್ರ ಮಳವಳ್ಳಿಯಲ್ಲಿ. ಆಸ್ಪತ್ರೆಯಿಂದ ಬಂದ ದೊಡ್ಡವ್ವ ನೇರವಾಗಿ ನಮ್ಮ ಅಡುಗೆಮನೆಗೆ ಬಂದು ಕುಳಿತಳು. ಬದುಕುತ್ತೇನೋ ಇಲ್ಲವೋ ಎಂಬ ಮಾತೇ ಅವಳ ಬಾಯಿಂದ ಬರಲಿಲ್ಲ.

"ನನ್ ಮೊಮ್ಮಗ್ಳ ದಾರೆಗೆ ನಾನ್ ಆಡ್ದೆ ಇನ್ಯಾರ್ ಆಡಾರು? ಅದ್ಯಾವ್ದಾರ ಡಬ್ಬಿಗೆ ತುಂಬ್ಸಿ ಮಡಿಕ್ಕೊ ಕಣವ್ವ" ಎಂದಳು.

ಮೊದಲು ಫೋನಿನಲ್ಲೇ ಹಿಡಿದು ನೋಡಿದೆ. ಸಾಲಿನ ಕೊನೆಯಲ್ಲಿ ಅವಳು ದನಿಯನ್ನು ಉದ್ದಕ್ಕೆ ಎಳೆದು ಹಾಗೇ ಇಳಿಸುತ್ತಿದ್ದಳು. ಫೋನು ಆ ಎಳೆತವನ್ನು ಬೇಡದ ಸದ್ದೆಂದು ತಿಳಿದು ನುಂಗಿಹಾಕುತ್ತಿತ್ತು. ಕೇಳಿದ ದೊಡ್ಡವ್ವ, "ಇದ್ಯಾರವ್ವ, ಬಿಕ್ಕಳ್ಕೆ ಬಂದೋಳಂಗೆ ಆಡ್ತಾವ್ಳೆ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮಾರನೆಯ ದಿನ ಗೆಜ್ಜಲಗೆರೆಯ ಫ್ಯಾಕ್ಟರಿಗೆ ರಜೆ ಹೇಳಿ ಮಂಡ್ಯದ ಬಸ್ಸು ಹತ್ತಿದೆ. ಮೈಕು, ಕೀಬೋರ್ಡು ಮಾರುವ ಅಂಗಡಿಯವರು ಗಾಜಿನ ಮೇಜಿನ ಮೇಲೆ ಮೂರು ಆಡಿಯೊ ಇಂಟರ್‌ಫೇಸ್‌ಗಳನ್ನು ಇಟ್ಟರು. ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಪುಟ್ಟ ಪೆಟ್ಟಿಗೆಗಳು ಅವು. ಒಂದಕ್ಕೆ ನಾಲ್ಕು ಮೈಕು ಸಿಕ್ಕಿಸಬಹುದಿತ್ತು, ಒಂದಕ್ಕೆ ಎರಡು, ಇನ್ನೊಂದಕ್ಕೆ ಒಂದೇ.

"ಎಷ್ಟ್ ಜನ ಹಾಡ್ತಾರೆ ಮೇಡಂ?"

"ಒಬ್ಬರೇ."

"ಹಂಗಾರೆ ಚಿಕ್ಕದು ಸಾಕು ಬುಡಿ. ತೂತು ಜಾಸ್ತಿ ಆದಂಗೆಲ್ಲ ಕಾಸೂ ಜಾಸ್ತಿ."

ಬಟ್ಟೆಯ ಹೊಲಿಗೆಯಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಹಾಗೆ ಸುಮ್ಮನೆ ಒಪ್ಪಲಾಗಲಿಲ್ಲ. ಯಾರೂ ಮಾತಾಡದಿರುವಾಗ ದನಿಯ ತಿರುಪನ್ನು ಪೂರ್ತಿ ಏರಿಸಿ ಹೆಡ್‌ಫೋನಿನಲ್ಲಿ ಕೇಳಬೇಕು ಎಂದೆ. ಎರಡು ಮೈಕಿನದು ಒಗ್ಗರಣೆ ಸಿಡಿದಂತೆ ಸುಯ್ಯೆನ್ನುತ್ತಿತ್ತು. ಚಿಕ್ಕದರಲ್ಲಿ ಆ ಸದ್ದು ಎಲ್ಲೋ ದೂರದಲ್ಲಿತ್ತು. ದೊಡ್ಡದಕ್ಕೆ ಗೋಡೆಯ ಕರೆಂಟು ಬೇಕು, ಚಿಕ್ಕದಕ್ಕೆ ಲ್ಯಾಪ್‌ಟಾಪಿನಿಂದ ಬರುವ ಕರೆಂಟೇ ಸಾಕು. ಅದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

"ಕರೆಂಟ್ ಹೋದ್ಮೇಲೆ ಯಾರಾದ್ರೂ ರೆಕಾರ್ಡ್ ಮಾಡ್ತಾರಾ ಮೇಡಂ?" ಎಂದು ಅವರು ನಗುತ್ತಲೇ ಚಿಕ್ಕದನ್ನೂ ಒಂದು ಮೈಕನ್ನೂ ಕಟ್ಟಿಕೊಟ್ಟರು.

ನಾವು ಮಾಡಬೇಕಿತ್ತು. ನಮ್ಮ ಎಡಕ್ಕೆ ಹಿಟ್ಟಿನ ಗಿರಣಿ, ಹಿಂದಿನ ಗದ್ದೆಯಲ್ಲಿ ಪಂಪ್‌ಸೆಟ್ಟು. ಕರೆಂಟು ಇರುವಷ್ಟು ಹೊತ್ತು ನಮ್ಮ ಬೀದಿಯಲ್ಲಿ ನಿಶ್ಶಬ್ದ ಎಂಬುದೇ ಇಲ್ಲ. ಕರೆಂಟು ಹೋದಾಗ ಮಾತ್ರ ಎಲ್ಲವೂ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದವು.

ಆದರೆ ದಿನಾ ಹೋಗುವ ಕರೆಂಟು ಆ ವಾರ ಹೋಗಲೇ ಇಲ್ಲ. ಗುರುವಾರ ಹೋಗಲಿಲ್ಲ, ಶುಕ್ರವಾರ ಹೋಗಲಿಲ್ಲ. ನಾನು ಫ್ಯಾಕ್ಟರಿಯಿಂದ ಬಂದು ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಕಾಯುತ್ತಿದ್ದೆ. ದೊಡ್ಡವ್ವ ಜಗಲಿಯ ಮೇಲಿಂದ ಕರೆಂಟು ಕಂಬ ನೋಡುತ್ತಾ, "ಬ್ಯಾಡ ಅಂದಾಗ ಓಯ್ತದೆ. ಈಗ ನೋಡ್ಲಾ, ನೆಂಟ್ರಂಗೆ ಕುಂತದೆ" ಎಂದು ಗಿರಣಿಯವನಿಗೆ ಕೇಳುವಂತೆ ಬೈಯುತ್ತಿದ್ದಳು. ಒಂದು ಗಂಟೆ ಗಿರಣಿ ನಿಲ್ಲಿಸೆಂದು ಅವನನ್ನು ನಾನು ಕೇಳಬೇಕೆಂದುಕೊಂಡೆ. ಅವಳು ಬಿಡಲಿಲ್ಲ. "ಅವ್ನ್ ವಟ್ಟೆ ಮ್ಯಾಲೆ ಒಡ್ದು ನಾನ್ ಆಡ್ಬೇಕಾ?"

ಭಾನುವಾರ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕುಳಿತಿದ್ದಾಗ ಫ್ಯಾನು ನಿಧಾನವಾಯಿತು. ಗಿರಣಿ ನಿಂತಿತು. ಗೋಡೆಯಾಚೆಯಿಂದ "ಓಯ್ತು! ಓಯ್ತು ಕಣೇ!" ಎಂಬ ಕೂಗು ಕೇಳಿತು. ಎಂಜಲು ಕೈಯಲ್ಲೇ ಎದ್ದೆ.

ಮೈಕಿನ ಮುಂದೆ ಕುಳಿತ ದೊಡ್ಡವ್ವ ಒಂದು ಸಾಲು ಹಾಡಿ ನಿಲ್ಲಿಸಿದಳು. ಮರೆತಳೇನೋ ಎಂದು ನಾನು ತಲೆ ಎತ್ತಿದೆ. ಸುಮ್ಮನಿರು ಎಂದು ಕೈಸನ್ನೆ ಮಾಡಿದಳು. ಒಂದು ಸಾಲಿನಷ್ಟೇ ಹೊತ್ತು ಬಿಟ್ಟು ಮುಂದಿನ ಸಾಲು ಎತ್ತಿದಳು, ಮತ್ತೆ ನಿಲ್ಲಿಸಿದಳು. ಒಂದು ಹಾಡು ಮುಗಿದ ಮೇಲೆ ಯಾಕೆಂದು ಕೇಳಿದೆ.

"ಎಂಗುಸ್ರಿಗೆ ಜಾಗ ಬುಟ್ಟಿವ್ನಿ ಕಣವ್ವ. ನಾನೊಬ್ಳೇ ಆಡ್ಕಂಡ್ ಓದ್ರೆ ಅದು ಸೋಬಾನೆ ಆದದಾ?"

ಆ ಖಾಲಿ ಜಾಗಗಳಲ್ಲಿ ಪೆಟ್ಟಿಗೆಯ ಸುಯ್ಯೆನ್ನುವ ಸದ್ದು ಇರಲಿಲ್ಲ. ಅವಳ ಉಸಿರು, ಬಳೆ, ಒಂದು ಕಡೆ ಕೋಳಿ... ಅಷ್ಟೇ ಇತ್ತು.

ಧಾರೆಯ ಹಾಡಿಗೆ ಇನ್ನೊಂದು ನುಡಿ ಉಳಿದಿದ್ದಾಗ ಗಿರಣಿ ಗುರ್ರೆಂದಿತು. "ಬಂದ್ಬುಡ್ತು ಕಣವ್ವ, ಆಳಾದ್ದು" ಎಂದಳು ಮೈಕಿಗೆ ತುಟಿ ತಾಗಿಸಿಕೊಂಡೇ. ಸಂಜೆಯವರೆಗೆ ಕಾದೆವು. ಮತ್ತೆ ಹೋಗಲಿಲ್ಲ. ಸೋಮವಾರ ನಸುಕಿಗೆ ಅವಳನ್ನು ಮೈಸೂರಿಗೆ ಕರೆದೊಯ್ದರು.

ಜೀವ ಉಳಿಯಿತು. ದನಿ ಬರಲಿಲ್ಲ. ತುಟಿ ಆಡುತ್ತಿತ್ತು, ಗಾಳಿ ಬರುತ್ತಿತ್ತು, ಅಷ್ಟೆ.

ಮಳವಳ್ಳಿಯ ಛತ್ರದಲ್ಲಿ ಧಾರೆಯ ಹೊತ್ತಿಗೆ ಅವಳ ದನಿ ಸ್ಪೀಕರಿನಿಂದ ಬಂತು. ಮೊದಲ ಖಾಲಿ ಜಾಗ ಬಂದಾಗ ಯಾರಿಗೂ ತೋಚಲಿಲ್ಲ. ಎರಡನೆಯದಕ್ಕೆ ನಮ್ಮ ಬೀದಿಯ ಹೆಂಗಸರು ದನಿ ಸೇರಿಸಿದರು, ಆಮೇಲೆ ಬೆಳಕವಾಡಿಯವರೂ. "ಬಂದ್ಬುಡ್ತು ಕಣವ್ವ" ಎಂಬುದನ್ನು ನಾನು ಕತ್ತರಿಸಿರಲಿಲ್ಲ. ಛತ್ರವೆಲ್ಲ ನಕ್ಕಿತು. ಮುಂದಿನ ಸಾಲಲ್ಲಿ ಕುಳಿತಿದ್ದ ದೊಡ್ಡವ್ವನೂ ಸದ್ದಿಲ್ಲದೆ ನಕ್ಕಳು, ಹೆಗಲು ಕುಲುಕುತ್ತಿತ್ತು. ಆಮೇಲೆ ಎದ್ದು ಹೋಗಿ, ಉಳಿದಿದ್ದ ಒಂದು ನುಡಿಯನ್ನು ಮೊಮ್ಮಗಳ ಕಿವಿಗೆ ತುಟಿ ತಾಗಿಸಿ ಹೇಳಿದಳು. ಅದೇನೆಂದು ನಮಗ್ಯಾರಿಗೂ ಕೇಳಿಸಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಅವಳು ಹೋದಳು.

ಈ ಬೆಳಿಗ್ಗೆ ಟೋಪಿ ಹಿಡಿದು ಕುಳಿತಿದ್ದಾಗ ಫ್ಯಾನು ನಿಂತಿತು. ಬೀದಿಯಲ್ಲಿ ಯಾರೋ ಬೈದುಕೊಂಡರು. ಪೆಟ್ಟಿಗೆಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಧಾರೆಯ ಹಾಡು ಹಚ್ಚಿದೆ. ಅವಳು ಸಾಲು ಹೇಳಿ ನಿಲ್ಲಿಸಿದಾಗಲೆಲ್ಲ ನಾನು ತಿರುಗಿ ಹೇಳಿದೆ. ಮೂರ್ನಾಲ್ಕು ಕಡೆ ಆಗಲಿಲ್ಲ... ಆ ಜಾಗಗಳನ್ನು ಹಾಗೇ ಬಿಟ್ಟೆ.

"ಬಂದ್ಬುಡ್ತು ಕಣವ್ವ" ಎಂದಳು ದೊಡ್ಡವ್ವ, ಕಿವಿಯಲ್ಲಿ.

ನಮ್ಮ ಮನೆಗೆ ಕರೆಂಟು ಇನ್ನೂ ಬಂದಿರಲಿಲ್ಲ.