ದೇವಿ ಸಾಹೇಬರ ಪರಾರಿ ಪಟ್ಟಿ

ಮೊನ್ನೆ ನಮ್ಮ ಸಿಂಧನೂರಿನ ದವಾಖಾನೆಯ ಸಾಮಾನಿನ ಕೋಣೆ ತೆರವು ಮಾಡುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಲಿಂಗಸುಗೂರು ತಾಲೂಕಿನಿಂದ ಯಾವ ಕಾಲದಲ್ಲೋ ಬಂದು ಮೂಲೆ ಹಿಡಿದದ್ದು. ಜವಾನ ತುಕ್ಕು ಹಿಡಿದ ಮುಚ್ಚಳವನ್ನು ಎಬ್ಬಿಸಿದ. ಒಳಗೆ ಬತ್ತಿಯಿಲ್ಲದ ಒಂದು ಸಣ್ಣ ಸ್ಪಿರಿಟ್ ದೀಪ, ಮರದ ಹಿಡಿಕೆಯ ಒಂದು ಹಳೆಯ ಸೂಜಿ. ಅಷ್ಟೇ. ಆದರೆ ಸ್ಪಿರಿಟಿನ ವಾಸನೆ ಬಂತು. ಇಷ್ಟು ವರ್ಷಕ್ಕೆ ಅದು ಆರಿಹೋಗಿರಲೇಬೇಕು ಎಂಬುದು ಡಾಕ್ಟರನಾದ ನನಗೆ ಗೊತ್ತು. ನನ್ನ ಮೂಗಿಗೆ ಗೊತ್ತಿರಲಿಲ್ಲ. ಎಡಗೈಯ ತೋಳು ತಾನಾಗಿ ತುರಿಸತೊಡಗಿತು...

ನಿಜಾಮರ ಕಾಲದಲ್ಲಿ ಲಿಂಗಸುಗೂರು ತಾಲೂಕಿನ ಹಳ್ಳಿಗಳಿಗೆಲ್ಲ ಸಿಡುಬಿನ ಚುಚ್ಚು ಹಾಕಲು ಒಬ್ಬರೇ ಬರುತ್ತಿದ್ದರು. ಸಿಡುಬಿಗೆ ನಮ್ಮಲ್ಲಿ ದೇವಿ ಬ್ಯಾನಿ ಎನ್ನುತ್ತಿದ್ದರು, ಚುಚ್ಚಿಗೆ ದೇವಿ ಹಾಕುವುದು ಎನ್ನುತ್ತಿದ್ದರು, ಅವರಿಗೆ ದೇವಿ ಸಾಹೇಬರು ಎನ್ನುತ್ತಿದ್ದರು. ಮುದಗಲ್ಲಿನ ಕಡೆಯ ಮುಸಲ್ಮಾನರು. ತೆಳ್ಳಗಿನ ಎತ್ತರದ ಆಳು, ಕಂದು ಶೇರ್ವಾನಿ, ಕೈಯಲ್ಲಿ ಇಂಥದೇ ಪೆಟ್ಟಿಗೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತಂತೆ, ಮಕ್ಕಳಿರಲಿಲ್ಲ. ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯ ಹತ್ತಿರ ಒಂದು ಕೋಣೆ, ಉಳಿದಂತೆ ಚಳಿಗಾಲವಿಡೀ ತಿರುಗಾಟ. ಅವರು ಒಂದು ಊರಿಗೆ ಕಾಲಿಟ್ಟರೆ ಆ ಊರೇ ಖಾಲಿಯಾಗುತ್ತಿತ್ತು. ಚುಚ್ಚಿನ ಹೆದರಿಕೆಗೆ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಹೊಲಕ್ಕೆ ಓಡುತ್ತಿದ್ದರು. ಮನುಷ್ಯರನ್ನು ಉಳಿಸುವ ಕೆಲಸಕ್ಕೆಂದು ಹೋದವರು ದಿನವೆಲ್ಲ ನಾಯಿಗಳ ಮುಖ ನೋಡಿಕೊಂಡು ಕೂರಬೇಕಾಗುತ್ತಿತ್ತು.

ನಮ್ಮದು ಮಸ್ಕಿಯ ಕೇರಿ. ಸರ್ಕಾರಿ ಉರ್ದುವಿನಲ್ಲಿ ನಮಗೆ 'ಪಸ್ತ ಅಖ್ವಾಮ್' ಎಂಬ ಹೆಸರಿತ್ತು. ಕೆಳಗಿನ ಜಾತಿಗಳು ಎಂದು ಅರ್ಥ. ಕೇಳಲು ಗಜಲಿನ ಹಾಗಿದ್ದರೂ ಊರಿನವರು ನಮ್ಮನ್ನು ನೀರಿನ ಹತ್ತಿರ ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಕೇರಿಯಲ್ಲಿ ಮುಟ್ಟಿಸಿದ ಸೂಜಿ ತಮ್ಮ ಮಕ್ಕಳಿಗೆ ಬೇಡವೆಂದು ಊರಿನವರು ಹಟ ಹಿಡಿಯುತ್ತಿದ್ದರು. ಹೀಗಾಗಿ ಕೇರಿಯದು ಯಾವಾಗಲೂ ಕಡೆಯ ಸರದಿ, ಅಷ್ಟರಲ್ಲಿ ಹೈದರಾಬಾದಿನಿಂದ ಬಂದ ಔಷಧದ ನಳಿಗೆ ಮುಗಿದಿರುತ್ತಿತ್ತು. ದೇವಿ ಸಾಹೇಬರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಊರು ಏಳುವುದಕ್ಕೆ ಮುಂಚೆ ನಮ್ಮ ಕೇರಿಗೆ ಬಂದು ಮುಗಿಸಿ, ದೀಪದ ಉರಿಯಲ್ಲಿ ಸೂಜಿ ಕಾಯಿಸಿ, ಏನೂ ಅರಿಯದವರಂತೆ ಊರೊಳಗೆ ಹೋಗುತ್ತಿದ್ದರು. ಇಷ್ಟು ಮಾಡಿದವರಿಗೆ ನಮ್ಮವರು ತೋರಿಸಿದ ಉಪಕಾರವೆಂದರೆ ಬಾಗಿಲು ಹಾಕಿಕೊಳ್ಳುವುದು.

ನಮ್ಮವ್ವ ಬಾಗಿಲು ಹಾಕುತ್ತಿರಲಿಲ್ಲ. ಅದಕ್ಕಿಂತ ಜಾಣೆ. ನನ್ನನ್ನು ದೊಡ್ಡದೊಂದು ಬುಟ್ಟಿಯ ಕೆಳಗೆ ಕೋಳಿಯಂತೆ ಮುಚ್ಚಿ, ಪಕ್ಕದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. "ಕೂಸು ಎಲ್ಲೈತಿ, ಯಕ್ಕಾ?" ಎಂದು ಸಾಹೇಬರು ಕೇಳಿದರೆ, "ಅವರ ಆಯಿ ಮನಿಗೆ ಹೋಗೇತ್ರಿ" ಎನ್ನುತ್ತಿದ್ದಳು. ಪ್ರತಿ ವರ್ಷವೂ ನಾನು ಆಯಿಯ, ಅಂದರೆ ಅಜ್ಜಿಯ, ಮನೆಗೆ ಹೋಗುತ್ತಿದ್ದೆ, ಪ್ರತಿ ವರ್ಷವೂ ಬುಟ್ಟಿಯಷ್ಟೇ ದೂರ. ಎಲ್ಲದಕ್ಕೂ ಮೊದಲೇ ಚಿಂತೆ ಮಾಡಿಕೊಳ್ಳುವ ನನ್ನ ಸ್ವಭಾವ ಆ ಬುಟ್ಟಿಯ ಕೆಳಗೇ ಹುಟ್ಟಿತೇನೋ. ಈಗಲೂ ಟಪಾಲಿನವನು ಬಾಗಿಲು ಬಡಿದರೆ ಅಡಗಲು ಜಾಗ ಹುಡುಕುತ್ತೇನೆ.

ಚುಚ್ಚಿಸಿಕೊಳ್ಳದೆಯೂ ಹೇಗೋ ಬದುಕಿದೆ, ಓದಿದೆ. ಲಿಂಗಸುಗೂರಿನ ಶಾಲೆಯಲ್ಲಿ ಉರ್ದು ಕಲಿತು, ಗುಲಬರ್ಗಾದಲ್ಲಿ ಇಂಟರ್ ಮುಗಿಸಿದೆ. ಆ ರಜೆಯಲ್ಲಿ ಮಸ್ಕಿಯ ಸಂತೆಯಲ್ಲಿ ದೇವಿ ಸಾಹೇಬರು ನನ್ನನ್ನು ತಡೆದು ಒಂದು ಕಾಗದ ಕೊಟ್ಟರು. ಅವರಿಗೊಂದು ರೂಢಿಯಿತ್ತು. ವಾರಕ್ಕೊಮ್ಮೆ ತಹಸೀಲು ಕಚೇರಿಗೆ ಹೋಗಿ 'ಜರೀದಾ' ಎಂಬ ಸರ್ಕಾರಿ ಪತ್ರಿಕೆ ಓದುವುದು, ಅದರಲ್ಲಿ ಔಷಧ ವಿದ್ಯೆಯ ಜಾಹೀರಾತು ಏನಿದ್ದರೂ ಚುಚ್ಚುಮದ್ದಿನ ಹಾಳೆಯ ಬೆನ್ನಿಗೆ ನಕಲು ಮಾಡಿಕೊಳ್ಳುವುದು. ಕಂಪೌಂಡರ್ ತರಬೇತಿ, ಸೂಲಗಿತ್ತಿಯರ ತರಬೇತಿ, ಹೀಗೆ. ಊರಿಂದೂರಿಗೆ ಹೋಗುವಾಗ ಓದಿದ ಹುಡುಗ ಹುಡುಗಿಯರು ಕಂಡರೆ ಕೈಗಿಡುವುದು. ಮುಕ್ಕುಂದದ ವಿಧವೆಯೊಬ್ಬಳನ್ನು ಹೀಗೆಯೇ ರಾಯಚೂರಿಗೆ ಸೂಲಗಿತ್ತಿಯ ತರಬೇತಿಗೆ ಕಳಿಸಿದ್ದರು.

ನನ್ನ ಕಾಗದದಲ್ಲಿದ್ದದ್ದು ವೈದ್ಯಕೀಯ ಕಾಲೇಜು. ಕನ್ನಡ ಜಿಲ್ಲೆಗಳ ಪಸ್ತ ಅಖ್ವಾಮಿನ ಒಬ್ಬ ವಿದ್ಯಾರ್ಥಿಗೆ ಜಾಗ, ಊಟ ವಸತಿಗೆ ವಜೀಫಾ, ಅಂದರೆ ವಿದ್ಯಾರ್ಥಿವೇತನ. ಒಬ್ಬನಿಗೇ.

"ಓದಿದಿ ಏನ್ ಬೇಟಾ? ಒಂಬತ್ತು ದಿನಾ ಉಳಿದಾವ," ಎಂದರು.

"ನನ್ನಂಥವನಿಗೆ ಕೊಡ್ತಾರೇನ್ರಿ?"

"ನಿನ್ನಂಥವನಿಗೇ ಅಂತ ಬರದಾರ. ಓದಾಕ ಬರತೈತಿಲ್ಲ?"

ಯಾಕೆ ಇಷ್ಟೆಲ್ಲ ಓಡಾಡುತ್ತೀರಿ ಎಂದು ನಾನು ಕೇಳಿದೆ. ಅವರು ಪೆಟ್ಟಿಗೆಯ ಕೊಂಡಿ ಹಾಕುತ್ತ, "ನಾನೂ ಕಂಪೌಂಡರ್ ಆಗಬೇಕಂತಿದ್ದೆ. ನನಗ ಸುದ್ದಿ ಮುಟ್ಟೋದ್ರಾಗ ಜಾಗಾ ತುಂಬಿತ್ತು," ಎಂದರು. 

ಅರ್ಜಿಗೆ ಮುಲ್ಕಿ ಸರ್ಟಿಫಿಕೇಟು ಬೇಕಿತ್ತು. ಅಂದರೆ ನಾನು ನಿಜಾಮರ ಮುಲುಕಿನಲ್ಲೇ ಹುಟ್ಟಿ ಬೆಳೆದವನು, ಹೊರಗಿನಿಂದ ಬಂದವನಲ್ಲ ಎಂಬ ತಹಸೀಲ್ದಾರರ ಮೊಹರು. ಅವ್ವನನ್ನು ಕರೆದುಕೊಂಡು ಲಿಂಗಸುಗೂರಿಗೆ ಹೋದೆ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ತಹಸೀಲ್ದಾರರ ಕಾಗದಪತ್ರ ನೋಡುವ ಗುಮಾಸ್ತರು, ಪೇಶ್ಕಾರರು, ಕನ್ನಡಕದ ಮೇಲಿಂದ ನೋಡಿದರು.

"ಅಪ್ಪನ ಹೆಸರಲೆ ಪಟ್ಟಾ ಐತೇನು?"

"ಇಲ್ರೀ."

"ಮನಿ ಕಾಗದ?"

"ಮನಿ ಐತ್ರಿ. ಕಾಗದ ಇಲ್ಲ."

"ಹಂಗಾರ ನೀ ಹೊಳಿ ದಾಟಿ ಇಂಗ್ಲೀಷರ ಬಳ್ಳಾರಿ ಕಡಿಂದ ಬಂದಾಂವ ಅಲ್ಲಂತ ನಾ ಹೆಂಗ ನಂಬಲಿ? ಕೂಲಿಗೆ ನಿಮ್ಮ ಮಂದಿ ಅತ್ಲಾಗ ಇತ್ಲಾಗ ಓಡಾಡತಾರ."

ಶಾಲೆಯ ದಾಖಲೆ ತೋರಿಸಿದೆ. ಅದು ಮಾಸ್ತರರು ಅಂದಾಜಿನ ಮೇಲೆ ಬರೆದದ್ದು, ನಡೆಯುವುದಿಲ್ಲ ಎಂದರು. ಅವ್ವನಿಗೆ ತಡೆಯಲಾಗಲಿಲ್ಲ.

"ನನ್ನ ಹೊಟ್ಟ್ಯಾಗ ಹುಟ್ಟ್ಯಾನ್ರಿ ಯಪ್ಪಾ, ಮಸ್ಕ್ಯಾಗ. ಇನ್ನೇನ್ ಕಾಗದ ಬೇಕ್ರಿ?"

"ಹೊಟ್ಟಿ ಮ್ಯಾಲೆ ಮೊಹರು ಇರಂಗಿಲ್ಲಮ್ಮಾ," ಎಂದರು ಪೇಶ್ಕಾರರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಹೆದರಿಕೆಯಾದಾಗ ನಗುವುದು ನನಗೆ ಇವತ್ತಿಗೂ ಬಿಟ್ಟಿಲ್ಲ. ಅವ್ವ ಮಾತ್ರ ನನ್ನ ಮುಖವನ್ನೊಮ್ಮೆ ನೋಡಿ, ಸೆರಗು ಹೊದ್ದು ಹೊರಗೆ ನಡೆದಳು.

ಮರುದಿನ ದೇವಿ ಸಾಹೇಬರನ್ನು ಹುಡುಕಿಕೊಂಡು ಸಂತೆಕಲ್ಲೂರಿಗೆ ನಡೆದೆ. ಉಳಿದದ್ದು ಐದೇ ದಿನ. ಊರ ಅಗಸಿಬಾಗಿಲ ಹೊರಗೆ ಬೇವಿನ ಗಿಡದ ಕೆಳಗೆ ಒಬ್ಬರೇ ಕೂತಿದ್ದರು, ದೀಪ ಹಚ್ಚಿತ್ತು, ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ನನ್ನನ್ನು ಕಂಡು ಅವರ ಮುಖ ಅರಳಿದ ರೀತಿ... ಯಾರೋ ತಾನಾಗಿಯೇ ತಮ್ಮ ಕಡೆಗೆ ನಡೆದು ಬರುವುದನ್ನು ಅವರು ಎಷ್ಟು ದಿನಗಳಿಂದ ನೋಡಿರಲಿಲ್ಲವೋ. ನಾನು ಸಂಗತಿ ಹೇಳಿದೆ. ಅವರು ದೀಪ ಆರಿಸಿದರು.

"ನಿಂದೂ ಕಾಗದ ಐತಿ. ನನ್ನ ಹಂತ್ಯಾಕ ಐತಿ."

"ನಾ ದೇವಿ ಹಾಕಿಸಿಕೊಂಡೇ ಇಲ್ಲಲ್ರಿ. ನಿಮ್ಮ ದಫ್ತರದಾಗ ನನ್ನ ಹೆಸರು ಎಲ್ಲಿಂದ ಬರಬೇಕು?"

"ಅದಕ್ಕ ಐತಿ," ಎಂದು ನಕ್ಕರು.

ಅವರ ಕೋಣೆಯ ಟ್ರಂಕಿನಲ್ಲಿ ಹಳೆಯ ದಫ್ತರಗಳಿದ್ದವು. ಮುಂದಿನಿಂದ ತೆರೆದರೆ ದೇವಿ ಹಾಕಿಸಿಕೊಂಡವರ ಹೆಸರುಗಳು. ಹಿಂದಿನಿಂದ ತೆರೆದರೆ ಬೇರೊಂದು ಪಟ್ಟಿ. ಸರ್ಕಾರ ಕೇಳಿರದಿದ್ದರೂ ಅವರೇ ಇಟ್ಟುಕೊಂಡದ್ದು. ತಲೆಯ ಮೇಲೆ ಉರ್ದುವಿನಲ್ಲಿ 'ಪರಾರಿ' ಎಂದು ಬರೆದಿತ್ತು. ತಪ್ಪಿಸಿಕೊಂಡ ಪ್ರತಿ ಕೂಸಿನ ಹೆಸರು, ಅಪ್ಪನ ಹೆಸರು, ಊರು, ಕೇರಿ, ಅಂದಾಜು ವಯಸ್ಸು, ಅಡಗಿದ ಜಾಗ. ಮುಂದಿನ ವರ್ಷ ಎಲ್ಲಿ ಹುಡುಕಬೇಕೆಂದು ತಿಳಿಯಲು.

ದಫ್ತರಗಳನ್ನು ಹೊತ್ತು ಅವರು ನೇರವಾಗಿ ತಹಸೀಲ್ದಾರರ ಮುಂದೆ ಹೋದರು. ಅವ್ವ, ನಾನು ಬಾಗಿಲ ಬಳಿ ನಿಂತಿದ್ದೆವು. ತಹಸೀಲ್ದಾರರು ಗಟ್ಟಿಯಾಗಿ ಓದಿದರು. ಮಸ್ಕಿಯ ಕೇರಿ, ಇಂಥವನ ಮಗ, ವಯಸ್ಸು ಸುಮಾರು ಎರಡು, ಬುಟ್ಟಿಯ ಕೆಳಗೆ, ಪರಾರಿ. ಮರುವರ್ಷದ ದಫ್ತರ, ವಯಸ್ಸು ಮೂರು, ಬುಟ್ಟಿಯ ಕೆಳಗೆ, ಪರಾರಿ. ನಾಲ್ಕು, ಬುಟ್ಟಿಯ ಕೆಳಗೆ. ಐದು, ಬುಟ್ಟಿ ಸಾಲದೆ ಕಾಲು ಹೊರಗೆ, ಪರಾರಿ.

ತಹಸೀಲ್ದಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ನಕ್ಕು ಬಂದ ನೀರು. ಸರ್ಕಾರದಿಂದ ನಾಲ್ಕು ವರ್ಷ ಒಂದೇ ಬುಟ್ಟಿಯಲ್ಲಿ ತಪ್ಪಿಸಿಕೊಂಡವನು ಇದೇ ಮುಲುಕಿನವನಲ್ಲದೆ ಇನ್ನೆಲ್ಲಿಯವನು ಎಂದು ಉರ್ದುವಿನಲ್ಲಿ ಹೇಳಿ ಪೇಶ್ಕಾರರ ಕಡೆಗೆ ಕೈ ಚಾಚಿದರು. ಪೇಶ್ಕಾರರು ಮೊಹರು ಕೊಟ್ಟರು.

ಹೊರಗೆ ಬಂದಾಗ ಅವ್ವ ತಲೆ ಎತ್ತಲಿಲ್ಲ. "ಅವತ್ತೇ ಗೊತ್ತಿತ್ತೇನ್ರಿ ನಿಮಗ?" ಎಂದಳು.

"ಬುಟ್ಟಿ ಸೀನಿತ್ತಲ್ಲ, ಯಕ್ಕಾ."

"ಮತ್ತ ಎತ್ತಿ ನೋಡಬೇಕಿತ್ತಿಲ್ರಿ?"

"ನೀ ಅದರ ಮ್ಯಾಲೆ ಕೈ ಇಟ್ಟಿದ್ದಿ. ತಾಯಿ ಕೈ ಸರಿಸಿ ಕೂಸಿನ್ನ ಎಳಕೊಂಡ್ರ, ಮುಂದಿನ ವರ್ಷ ನಿಮ್ಮ ಕೇರ್ಯಾಗ ನನ್ನ ಕೂಡ ಸುಳ್ಳ ಮಾತಾಡವ್ರೂ ಇರತಿರಲಿಲ್ಲ."

ಕಾಲೇಜಿಗೆ ಸೇರಲು ತೋಳಿನ ಮೇಲೆ ದೇವಿಯ ಗುರುತೂ ಬೇಕಿತ್ತು. ಅಂದೇ ಅವರ ಕೋಣೆಯಲ್ಲಿ ಹಾಕಿಸಿಕೊಂಡೆ. ಆಗಲೇ ಮೀಸೆ ಬಂದಿತ್ತು, ಆದರೂ ಕೂಗಿದೆ. ಅವರು ನಾಲ್ಕು ಕಡೆ ಸೂಜಿ ತಿರುಗಿಸಿ, "ವರ್ಷಕ್ಕೊಂದು," ಎಂದರು. ಆಮೇಲೆ ಒಂದೇ ಒಂದು ಮಾತು ಕೇಳಿಕೊಂಡರು.

"ಡಾಕ್ಟರ ಆಗು, ಬಿಡು. ರಜಾಕ್ಕ ಬಂದಾಗ ಒಮ್ಮೆ ನಮ್ಮ ಮನಿಗೆ ಬಂದು ಚಾ ಕುಡಿ. ನನ್ನ ಮನಿಗೆ ತಾನಾಗಿ ಯಾರೂ ಬರಂಗಿಲ್ಲ ನೋಡು."

ಆ ಒಂದು ಜಾಗ ನನಗೇ ಸಿಕ್ಕಿತು. ಹೈದರಾಬಾದಿನ ಕಾಲೇಜಿನಲ್ಲಿ ನಾನು ಒಬ್ಬನೇ ಇದ್ದೆ. ಜನ ಇರಲಿಲ್ಲವೆಂದಲ್ಲ. ನನ್ನ ಉರ್ದುವಿಗೆ ಜೊತೆಯ ಹುಡುಗರು ನಗುತ್ತಿದ್ದರು, ನಾನು ಊಟಕ್ಕೆ ಕೂತ ಬೆಂಚು ನಿಧಾನವಾಗಿ ಖಾಲಿಯಾಗುತ್ತಿತ್ತು. ಆಗೆಲ್ಲ ಬೇವಿನ ಗಿಡದ ಕೆಳಗೆ ದೀಪ ಹಚ್ಚಿಕೊಂಡು ಕೂತವರು ನೆನಪಾಗುತ್ತಿದ್ದರು. ತಿಂಗಳಿಗೊಂದು ಅವರ ಕಾರ್ಡು ಬರುತ್ತಿತ್ತು. ಕನ್ನಡದಲ್ಲಿ, ಸೊಟ್ಟ ಅಕ್ಷರ. ಯಾವ ಊರಿನಲ್ಲಿ ಎಷ್ಟು ಮಂದಿ ಸಿಕ್ಕರು, ಎಷ್ಟು ಪರಾರಿ, ಹೊಸದಾಗಿ ಯಾರಿಗೆ ಯಾವ ತರಬೇತಿಯ ಕಾಗದ ಕೊಟ್ಟರು. ಕೊನೆಗೆ ಯಾವಾಗಲೂ, "ನಿನ್ನ ಹಿಂದ ಇಬ್ಬರು ತಯಾರಾಗ್ಯಾರ. ನೀ ಪಾಸಾದರ ಅವರಿಗೆ ಬಾಗಿಲು."

ಮೊದಲ ವರ್ಷ ನಾನು ಅಂಗರಚನೆಯಲ್ಲಿ ನಪಾಸಾದೆ.

ಮರುಪರೀಕ್ಷೆಗೆ ಅವಕಾಶವಿತ್ತು, ಪ್ರಳಯವೇನೂ ಆಗಿರಲಿಲ್ಲ. ಆದರೆ ನಾನು ಪ್ರಳಯಕ್ಕೆ ಕಾಯುವವನಲ್ಲ, ಮೊದಲೇ ತಯಾರಾಗಿರುವವನು. ವಜೀಫಾ ಹೋಯಿತು, ಹಿಂದಿನ ಇಬ್ಬರ ಬಾಗಿಲೂ ಹೋಯಿತು ಎಂದು ರಾಯಚೂರಿನವರೆಗೆ ರೈಲಿನಲ್ಲಿ ಲೆಕ್ಕ ಹಾಕುತ್ತ ಬಂದೆ. ಬರುವ ದಿನವನ್ನು ಸಾಹೇಬರಿಗೆ ಮೊದಲೇ ಕಾರ್ಡಿನಲ್ಲಿ ಬರೆದುಬಿಟ್ಟಿದ್ದೆ. ರಾಯಚೂರಿನಲ್ಲಿ ಹತ್ತಿದ ಮೋಟಾರು ಬಸ್ಸು ಲಿಂಗಸುಗೂರಿನಲ್ಲಿ ನಿಂತಿತು. ಅವರು ಅಲ್ಲೇ ನಿಂತಿದ್ದರು. ಇಸ್ತ್ರಿ ಮಾಡಿದ ಶೇರ್ವಾನಿ. ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ, ಎಲೆಯಲ್ಲಿ ಸುತ್ತಿದ ಏನೋ ತಿಂಡಿಯಿತ್ತು. ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ನಾನು ತಲೆಯ ಮೇಲೆ ಟವೆಲ್ಲು ಎಳೆದುಕೊಂಡು ಸೀಟಿನ ಕೆಳಕ್ಕೆ ಬಗ್ಗಿದೆ.

"ಮಸ್ಕಿಯಾಂವ ಒಬ್ಬ ಹುಡುಗ, ಡಾಕ್ಟರಕಿ ಓದಾಂವ, ಬಂದಾನೇನ್ರಿ?" ಎಂದು ಅವರು ಕೇಳಿದ್ದು ಕೇಳಿಸಿತು. ಕ್ಲೀನರು ಇಲ್ಲವೆಂದ. ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ಯಾರೋ ನಿಂತ ನೆರಳು... ಆಮೇಲೆ ಮೋಟಾರು ಹೊರಟಿತು. ಬುಟ್ಟಿ ಸೀನಿದ್ದನ್ನು ಕೇಳಿಸಿಕೊಂಡವರು ಟವೆಲ್ಲಿನೊಳಗೆ ನಾನು ಉಸಿರು ಹಿಡಿದದ್ದನ್ನು ಕೇಳಿಸಿಕೊಳ್ಳಲಿಲ್ಲವೆಂದು ನಂಬಲು ನಾನು ಬಹಳ ವರ್ಷ ಪ್ರಯತ್ನಿಸಿದ್ದೇನೆ. ಅವರು ಟವೆಲ್ಲನ್ನೂ ಎತ್ತಲಿಲ್ಲ.

ಮರುಪರೀಕ್ಷೆಯಲ್ಲಿ ಪಾಸಾದೆ. ಆಮೇಲೆ ಬರೆದ ಕಾರ್ಡಿಗೆ ಉತ್ತರ ಬರಲಿಲ್ಲ. ಮುಂದಿನ ರಜೆಗೆ ಬಂದಾಗ ಮೊದಲು ಅವರ ಕೋಣೆಗೇ ಹೋದೆ. ಬೀಗ ಹಾಕಿತ್ತು. ನಿಜಾಮರ ಆಳ್ವಿಕೆ ಮುಗಿದ ಗದ್ದಲದ ವರ್ಷ ಅದು, ಎಲ್ಲ ಊರುಗಳಲ್ಲೂ ಎಷ್ಟೋ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ವರ್ಗವಾಗಿ ಬೀದರದ ಕಡೆ ಹೋದರೆಂದರು ಒಬ್ಬರು. ಜ್ವರ ಬಂದು ಯಾವುದೋ ಹಳ್ಳಿಯ ಚಾವಡಿಯಲ್ಲಿ ತೀರಿಕೊಂಡರೆಂದರು ಇನ್ನೊಬ್ಬರು. ಹೆಸರಿನಿಂದ ವಿಚಾರಿಸೋಣವೆಂದರೆ ನನಗೆ ಅವರ ಹೆಸರೇ ಗೊತ್ತಿರಲಿಲ್ಲ. ಕಾರ್ಡುಗಳ ಕೆಳಗೆ 'ದೇವಿ ಸಾಹೇಬ' ಎಂದೇ ಬರೆಯುತ್ತಿದ್ದರು, ನಾವು ಇಟ್ಟ ಹೆಸರನ್ನೇ. ತಾಲೂಕಿನ ಎಲ್ಲ ಕೂಸುಗಳ ಹೆಸರು ಬರೆದಿಟ್ಟವರದು ನಾನು ಒಮ್ಮೆಯೂ ಕೇಳಿರಲಿಲ್ಲ.

ಅವರು ಹೇಳಿದ ಆ ಇಬ್ಬರಲ್ಲಿ ಒಬ್ಬ ಕಂಪೌಂಡರ್ ಆದ. ಇನ್ನೊಬ್ಬ ಏನಾದನೋ ತಿಳಿಯಲಿಲ್ಲ.

ಈಗ ದೇವಿ ಬ್ಯಾನಿಯೇ ಹೋಗಿದೆ, ಚುಚ್ಚು ನಿಲ್ಲಿಸಿದ್ದಾರೆ. ಪೆಟ್ಟಿಗೆಯ ಜೊತೆ ದಫ್ತರವೇನಾದರೂ ಬಂದಿದೆಯೇ ಎಂದು ಕೋಣೆಯೆಲ್ಲ ಹುಡುಕಿಸಿದೆ. ಒಂದು ಮೂಲೆಯಲ್ಲಿ ಗೆದ್ದಲು ತಿಂದ ಮಣ್ಣಿನ ರಾಶಿಯಿತ್ತು, ಅದರಲ್ಲಿ ಕಾಗದವೆಂಬುದು ಉಳಿದಿರಲಿಲ್ಲ. "ಈ ಡಬ್ಬಿ ಅವರದಽ ಅಂತ ಹೆಂಗ ಹೇಳತೀರಿ ಸಾಹೇಬ್ರ? ಇಂಥಾವು ಜಿಲ್ಲಾಕ್ಕೆಲ್ಲಾ ಕೊಟ್ಟಿರತಾರ," ಎಂದ ಜವಾನ. ಅವನು ಹೇಳುವುದು ಸರಿ.

ಆದರೂ ದೀಪಕ್ಕೆ ಹತ್ತಿಯ ಬತ್ತಿ ಹೊಸೆದು, ಎರಡು ಚಮಚ ಸ್ಪಿರಿಟ್ ಹಾಕಿ ಮೇಜಿನ ಮೇಲೆ ಹಚ್ಚಿದೆ. ಹಗಲಿನ ಬೆಳಕಿನಲ್ಲಿ ಆ ನೀಲಿ ಉರಿ ಕಾಣುವುದೇ ಇಲ್ಲ, ಕೈ ಹತ್ತಿರ ಒಯ್ದರೆ ಮಾತ್ರ ತಿಳಿಯುತ್ತದೆ. ಹೊರಗೆ ಸರದಿಯಲ್ಲಿ ಜನ ಕಾಯುತ್ತಿದ್ದರು. ಜವಾನನಿಗೆ ಎರಡು ಚಾ ತರಲು ಹೇಳಿದೆ. ಒಂದನ್ನು ಎದುರಿನ ಖಾಲಿ ಕುರ್ಚಿಯ ಮುಂದಿಟ್ಟೆ. ಅದು ಆರುತ್ತ ಹೋಯಿತು.

ನಾನು ಬುಟ್ಟಿಯ ಕೆಳಗಿದ್ದ ನಾಲ್ಕು ಸಲವನ್ನು ಅವರು ಬರೆದಿಟ್ಟರು. ಐದನೆಯ ಸಲದ್ದನ್ನು ಬರೆಯದೆ ಬಿಟ್ಟಿರಬೇಕು. ಅದನ್ನು ಇಲ್ಲಿ ನಾನೇ ಬರೆದಿದ್ದೇನೆ. ಮಸ್ಕಿಯ ಕೇರಿ, ವಯಸ್ಸು ಸುಮಾರು ಹತ್ತೊಂಬತ್ತು, ಟವೆಲ್ಲಿನ ಕೆಳಗೆ, ಪರಾರಿ.