ಮಂಗರವಳ್ಳಿ ಚಟ್ನಿಯ ಉಪನ್ಯಾಸ

ಇಪ್ಪತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವನಿಗೆ ಗಿಡಗಳೆಲ್ಲ ಗೊತ್ತು ಎಂದು ಅಜ್ಜಂಪುರದವರು ನಂಬಿದ್ದರು. ನಾನೂ ಹಾಗೇ ನಂಬಿದ್ದೆ.

ಹೋದ ವರ್ಷ ತರೀಕೆರೆಯ ಒಂದು ಮಹಿಳಾ ಸಂಘದವರು ಮರೆತುಹೋದ ಔಷಧಿ ಗಿಡದ ಬಗ್ಗೆ ಮಾತಾಡಲು ಕರೆದರು. ನಾನು ಮಂಗರವಳ್ಳಿಯನ್ನು ಆರಿಸಿಕೊಂಡೆ. ನಾಲ್ಕು ಏಣಿನ ಹಸಿರು ದಂಟು, ಬೆರಳುದ್ದಕ್ಕೊಂದು ಗಂಟು, ಬೇಲಿ ತುಂಬ ಹಬ್ಬಿದ್ದರೂ ಯಾರೂ ತಿರುಗಿ ನೋಡದ ಬಳ್ಳಿ. ಬರೀ ಮಾತು ಸಾಲದು, ಚಟ್ನಿ ಮಾಡಿ ರುಚಿಯನ್ನೂ ತೋರಿಸಬೇಕು ಎನ್ನಿಸಿತು.

ಬುಕ್ಕಾಂಬುಧಿ ಕೆರೆ ಏರಿಯ ಪಕ್ಕದ ಬೇಲಿಯಲ್ಲಿ ಕೊಯ್ದೆ. ಸಭೆಗೆ ಒಯ್ಯುವುದಲ್ಲವೇ, ಬಲಿತು ದಪ್ಪಗಿದ್ದ ದಂಟುಗಳನ್ನೇ ಹುಡುಕಿದೆ. ಮನೆಗೆ ಬರುವಷ್ಟರಲ್ಲಿ ಅಂಗೈ ತುರಿಸುತ್ತಿತ್ತು. ಕಂಬಳಿಹುಳ ತಾಗಿರಬೇಕು ಎಂದುಕೊಂಡೆ.

“ಯಾರಾದ್ರೂ ತಿಳಿದೋರ್ನ ಕೇಳ್ರಿ,” ಎಂದಳು ಹೆಂಡತಿ.

“ಇದ್ರಲ್ಲಿ ನನಗಿಂತ ತಿಳಿದೋರು ಯಾರಿದಾರೆ?” ಎಂದೆ.

ಅವಳು ಅಡುಗೆಮನೆ ಬಿಟ್ಟುಕೊಟ್ಟು ಹೊರಗೆ ಹೋದಳು. ನಾನು ದಂಟನ್ನು ಹಾಗೇ ಕತ್ತರಿಸಿ, ಒಂದಿಷ್ಟು ಬಾಡಿಸಿ, ತೆಂಗಿನಕಾಯಿ, ಹಸಿಮೆಣಸಿನಕಾಯಿ ಸೇರಿಸಿ ರುಬ್ಬಿದೆ. ಹುಳಿ ಹಾಕಿದರೆ ಬಳ್ಳಿಯ ನಿಜವಾದ ರುಚಿ ಕೆಡುತ್ತದೆ ಎಂದು ಹಾಕಲಿಲ್ಲ.

ಸಭೆಯಲ್ಲಿ ಮೂವತ್ತು ನಲವತ್ತು ಹೆಂಗಸರಿದ್ದರು. “ಈ ಜ್ಞಾನವನ್ನು ನಾವು ಕಳೆದುಕೊಂಡಿದ್ದೇವೆ,” ಎಂದು ಗಂಭೀರವಾಗಿ ಹೇಳಿ, ಪುಣ್ಯಕ್ಕೆ ಅವರಿಗೆ ಹಂಚುವ ಮೊದಲು ನಾನೇ ಒಂದು ದೊಡ್ಡ ಚಮಚ ಬಾಯಿಗಿಟ್ಟುಕೊಂಡೆ. ಎರಡು ಮಾತಾಡುವುದರೊಳಗೆ ನಾಲಿಗೆಗೆ ಸೂಜಿ ಚುಚ್ಚಿದಂತಾಯಿತು. ಆಮೇಲೆ ಗಂಟಲಿಗೆ. ಈ ಬಳ್ಳಿಯಲ್ಲಿ ಸೂಜಿಯಂಥ ಹರಳುಗಳಿರುತ್ತವೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವವನು ನಾನೇ. ಮೈಕಿನ ಮುಂದೆ ಕ್ಯಾಕರಿಸಿದೆ. ಕಣ್ಣಲ್ಲಿ ನೀರು ಬಂತು. ನಾನು ಭಾವುಕನಾದೆ ಎಂದು ತಿಳಿದು ಮುಂದಿನ ಸಾಲಿನವರೊಬ್ಬರು ಚಪ್ಪಾಳೆ ತಟ್ಟಿದರು.

ಹಿಂದಿನಿಂದ ಒಬ್ಬ ಮುಸ್ಲಿಂ ಅಜ್ಜಿ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಎದ್ದು ಬಂದರು.

“ಹುಣಸೇಹಣ್ಣು ಹಾಕಿದ್ರಾ ಮೇಷ್ಟ್ರೇ?”

ಇಲ್ಲ ಎಂದು ತಲೆಯಾಡಿಸಿದೆ.

“ನಾರು ತೆಗುದ್ರಾ?”

ಅದೂ ಇಲ್ಲ.

ಸಂಘದ ಅಡುಗೆಮನೆಯಿಂದ ಹುಣಸೇಹಣ್ಣು, ಬೆಲ್ಲ ತಂದುಕೊಟ್ಟು, ಚೀಪುತ್ತಿರಿ ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮೈಕು ತೆಗೆದುಕೊಂಡರು.

“ಇದುನ್ನ ನಮ್ಮನೇಲಿ ಹಡ್‌ಜೋಡ್ ಅಂತೀವಿ, ಮೂಳೆ ಕೂಡ್ಸೋದು ಅಂತ. ಕಾಲು ಉಳುಕುದ್ರೆ ನಮ್ಮಪ್ಪ ಅರ್ದು ಕಟ್ಟೋರು, ಎತ್ತಿಗೂ ಅಷ್ಟೇ. ಸೊಂಟ ಹಿಡ್ಕಂಡ್ರೆ ಚಟ್ನಿ ತಿನ್ಸೋರು. ಹಪ್ಪಳದ ಹಿಟ್ಟಿಗೆ ಇದರ ರಸ ಹಾಕುದ್ರೆ ಚೆನ್ನಾಗಿ ಉಬ್ತವೆ. ಆದ್ರೆ ಎಳೇ ತುದಿ ಮಾತ್ರ ಕೀಳ್ಬೇಕು. ಕೈಗೆ ಎಣ್ಣೆ ಸವರ್ಕಂಡು ನಾರು ತೆಗ್ದು, ತುಪ್ಪದಲ್ಲಿ ಚೆನ್ನಾಗಿ ಹುರೀಬೇಕು.” ಆಮೇಲೆ ನನ್ನ ಕಡೆ ತಿರುಗಿದರು. “ಯಾರ್ ಮರ್ತವ್ರೆ ಅಂದ್ರಿ ಮೇಷ್ಟ್ರೇ? ನಾನು ಮೊನ್ನೆನೂ ಮಾಡಿದ್ದೆ.”

ನಾಲ್ಕೈದು ಹೆಂಗಸರು ತಾವೂ ಮಾಡುತ್ತೇವೆ ಎಂದರು. ಕಡೂರಿನಿಂದ ಬಂದಿದ್ದ ಒಬ್ಬರು ಬೆಳ್ಳುಳ್ಳಿ ಹಾಕಬೇಕೋ ಬೇಡವೋ ಎಂದು ವಾದಕ್ಕಿಳಿದರು. ಸಭೆಗೆ ಕಳೆ ಬಂತು. ನನಗೆ ದನಿಯೇ ಇಲ್ಲದ್ದರಿಂದ ಯಾರಿಗೂ ಅಡ್ಡಿಯಾಗಲಿಲ್ಲ.

ಮುಂದಿನ ಭಾನುವಾರ ಅಜ್ಜಿಯ ಮನೆಗೆ ಹೋದೆ. ಮಣೆಯ ಮೇಲೆ ಕೂರಿಸಿ ಒಂದು ಗಂಟೆ ನಾರು ತೆಗೆಸಿದರು. ಬಿಸಿ ರೊಟ್ಟಿಯ ಜೊತೆ ಚಟ್ನಿ ಕೊಟ್ಟರು. ಹೆದರುತ್ತಲೇ ತಿಂದು, ಇನ್ನೊಂದು ರೊಟ್ಟಿ ಕೇಳಿದೆ.

ಈ ವರ್ಷ ಸಂಘದವರು ಉಪನ್ಯಾಸಕ್ಕೆ ಅವರನ್ನೇ ಕರೆದಿದ್ದಾರೆ. ನನ್ನನ್ನೂ ಕರೆದಿದ್ದಾರೆ, ವಂದನಾರ್ಪಣೆಗೆ.