ಲೆನ್ಸಿಗೆ ಬೂಷ್ಟು ಹಿಡಿದ ಮಳೆಗಾಲ

ನಮ್ಮ ಅತ್ತಿಗೆ ಸರೋಜಮ್ಮನಿಗೆ ಬಾಳ್ಳುಪೇಟೆಯಲ್ಲಿ ಒಂದು ಪುಟ್ಟ ರಕ್ತಪರೀಕ್ಷೆಯ ಲ್ಯಾಬ್ ಇತ್ತು. ರಕ್ತ ತೆಗೆಯುವುದು ನನ್ನ ಕೆಲಸ. ಮೈಕ್ರೋಸ್ಕೋಪ್ ಮಾತ್ರ ಅವಳದು, ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ. 'ಸರೋಜಮ್ಮ ರೋಗ ಇಲ್ಲ ಅಂದರೆ ಇಲ್ಲ' ಎಂದು ಡಾಕ್ಟರುಗಳೇ ಹೇಳುತ್ತಿದ್ದರು. ಅದರಿಂದ ಅವಳಿಗೆ ಕೊಂಬು ಬಂದಿತ್ತು ಎಂದರೆ ನಮ್ಮಣ್ಣ ಬೇಜಾರು ಮಾಡಿಕೊಂಡಾನು. ಆದರೂ ಬಂದಿತ್ತು.

ತೊಂಬತ್ತೆಂಟರ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿದಿದೆ ಎಂದು ಗೊಣಗತೊಡಗಿದಳು. ನಮ್ಮ ಕಡೆ ಮಳೆ ಕೂತರೆ ಚಪ್ಪಲಿಗೂ ಬೂಷ್ಟು, ದೇವರ ಫೋಟೋಗೂ ಬೂಷ್ಟು. ಉಜ್ಜಿದಳು, ಬಲ್ಬಿನ ಪಕ್ಕ ಇಟ್ಟು ಒಣಗಿಸಿದಳು, ಮತ್ತೆ ಉಜ್ಜಿದಳು.

ಒಂದು ಬೆಳಿಗ್ಗೆ ಮನೆಯ ಮೀನಿನ ತೊಟ್ಟಿಯ ಗಾಜಿಗೆ ಲೋಳೆಯಂಥ ಮೊಟ್ಟೆಗಳು ಅಂಟಿದ್ದವು. ಮೀನಿನದೋ, ನೀರುಗಿಡದ ಜೊತೆ ಹಳ್ಳದಿಂದ ಬಂದ ಯಾವ ಹುಳದ್ದೋ ತಿಳಿಯಲಿಲ್ಲ. ಬ್ಲೇಡಿನಲ್ಲಿ ಕೆರೆದು ಲ್ಯಾಬಿಗೆ ತಂದು ನೋಡಿದಳು.

"ಜೊಳ್ಳು ಕಣೇ ಗಂಗಾ. ಒಳಗೇನೂ ಇಲ್ಲ."

ಅವಳು ಕೈ ತೊಳೆಯಲು ಹೋದಾಗ ನಾನು ಕದ್ದು ಬಗ್ಗಿದೆ. ಅಬ್ಬಾ! ಒಂದೊಂದು ಮೊಟ್ಟೆಯೊಳಗೂ ತೆಳ್ಳನೆಯದೊಂದು ಜೀವ ತಿರುಗುತ್ತಿತ್ತು.

"ಅತ್ತಿಗೆ, ನಿನ್ನ ಜೊಳ್ಳು ಗಿರಗಿರ ಸುತ್ತತೈತೆ! ಕಣ್ಣು ಎಲ್ಲಿಟ್ಟಿದ್ದೆ?"

ಅವಳು ಬಂದು ಬಗ್ಗಿದಳು, ತಿರುಪು ತಿರುಗಿಸಿದಳು, ಆ ಕಣ್ಣು ಮುಚ್ಚಿ ಈ ಕಣ್ಣಲ್ಲಿ ನೋಡಿದಳು. "ಎಲ್ಲೇ? ಎಲ್ಲಾ ಮಬ್ಬು."

ನನಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಬೂಷ್ಟು ಲೆನ್ಸಿನಲ್ಲಿ ಇರಲೇ ಇಲ್ಲ. ನನ್ನ ಹಾಳು ಬಾಯಿ!

ಅತ್ತಿಗೆ ಹಳೆಯ ಸ್ಲೈಡುಗಳ ಡಬ್ಬ ತೆಗೆದಳು. ಹಿಂದಿನ ವಾರ ವನಗೂರಿನ ಎಸ್ಟೇಟ್ ಆಳು ಸಿದ್ದಯ್ಯ ಗಡಗಡ ನಡುಗುತ್ತ ಬಂದಿದ್ದ. ಮಂಗಳೂರಲ್ಲಿ ಕಟ್ಟಡದ ಕೆಲಸ ಮಾಡಿ ವಾಪಸ್ಸಾದವನು. ಮಲೇರಿಯಾ ಇಲ್ಲ ಎಂದು ಬರೆದು ಕಳಿಸಿದ್ದಳು. ಅವನ ಸ್ಲೈಡ್ ಕೊಟ್ಟು ನನ್ನನ್ನು ಹಾಸನದ ಬಸ್ಸಿಗೆ ಹತ್ತಿಸಿದಳು. ಅಲ್ಲಿನ ಲ್ಯಾಬಿನವನು ಒಂದೇ ನೋಟಕ್ಕೆ, "ಮಲೇರಿಯಾನೇ, ತುಂಬ್ಕೊಂಡೈತೆ" ಎಂದ.

ಮಾರನೇ ದಿನ ಜೀಪು ಮಾಡಿಕೊಂಡು ವನಗೂರಿಗೆ ಹೋದೆವು. ದಾರಿಯುದ್ದಕ್ಕೂ ನನ್ನದು ಒಂದೇ ಬೇಡಿಕೆ, ಅವನು ಬದುಕಿರಲಿ ದೇವರೇ. ಎಸ್ಟೇಟ್ ಆಳುಗಳ ಲೈನ್ ಮನೆಯಲ್ಲಿ ಸಿದ್ದಯ್ಯ ಕಂಬಳಿಯೊಳಗೆ ಬಡಬಡಿಸುತ್ತ ಮಲಗಿದ್ದ. ಅವನ ಹೆಂಡತಿ ತಾಯಮ್ಮ ನಮ್ಮನ್ನು ಕಂಡದ್ದೇ ತಲೆ ಚಚ್ಚಿಕೊಂಡಳು.

"ನಾನೇ ಪಾಪಿ ಕಣ್ರವ್ವಾ. ನೀವೇ ಏನೂ ಇಲ್ಲ ಅಂದ್ಮೇಲೆ ಮೈಗಳ್ಳ ಅಂತ ಬೈದು ತೋಟಕ್ಕೆ ಅಟ್ಬುಟ್ಟೆ. ಅಲ್ಲೇ ಬಿದ್ಬುಟ್ಟ."

"ಪಾಪ ನಿಂದಲ್ಲ ಕಣವ್ವ," ಎಂದಳು ಅತ್ತಿಗೆ. "ನಂಗೆ ಕಣ್ಣು ಕಾಣಲ್ಲ. ಕಾಣ್ದೇನೇ ಇಲ್ಲ ಅಂತ ಬರೆದ್ಬುಟ್ಟೆ."

ತಾಯಮ್ಮ ಅಳು ನಿಲ್ಲಿಸಿ ಅವಳನ್ನೇ ನೋಡಿದಳು. "ಇನ್ನೆಷ್ಟು ಜನಕ್ಕೆ ಹಂಗೆ ಬರ್ಕೊಟ್ಟಿದ್ದೀರಾ?"

ಸಿದ್ದಯ್ಯನನ್ನು ಜೀಪಿಗೆ ಹಾಕಿಕೊಂಡು ಸಕಲೇಶಪುರದ ಆಸ್ಪತ್ರೆಗೆ ಸೇರಿಸಿದೆವು. ಪುಣ್ಯಕ್ಕೆ ಉಳಿದ.

ಲ್ಯಾಬಿಗೆ ಬೀಗ ಬಿತ್ತು. ಉಳಿದ ಮಳೆಗಾಲವೆಲ್ಲ ಅತ್ತಿಗೆ ನನ್ನ ಕೈ ಹಿಡಿದು, ಜ್ವರಕ್ಕೆಂದು ಬಂದು ಹೋದವರ ಬಾಗಿಲು ತಟ್ಟುತ್ತ ಊರೂರು ಅಲೆದಳು. ಪ್ರತಿ ಬಾಗಿಲಲ್ಲೂ ಅವಳದು ಅದೇ ಮಾತು, ಕಾಣ್ದೇನೇ ಇಲ್ಲ ಅಂತ ಬರೆದ್ಬುಟ್ಟೆ. ಮಾರನಹಳ್ಳಿಯ ಒಂದು ಮನೆಯಲ್ಲಿ ಮಾತ್ರ ಅದನ್ನು ಕೇಳಿಸಿಕೊಳ್ಳಬೇಕಾದವನು ಉಳಿದಿರಲಿಲ್ಲ.